ನೂರ ಹನ್ನೆರಡರ ಜೆಟ್

ರೇಸ್ ಬೈಕಿನ ಕಾರ್ಬೊರೇಟರಿನ ತಳದಲ್ಲಿ ಹಿತ್ತಾಳೆಯ ಒಂದು ತುಂಡು ಇರುತ್ತದೆ. ಕಡಲೆಕಾಳಿನಷ್ಟು ಗಾತ್ರ, ನಡುವೆ ಗುಂಡುಸೂಜಿ ತೂರುವಷ್ಟು ತೂತು. ಅದಕ್ಕೆ ಮೈನ್ ಜೆಟ್ ಎನ್ನುತ್ತೇವೆ. ಥ್ರಾಟಲನ್ನು ಪೂರ್ತಿ ತಿರುವಿದಾಗ ಎಂಜಿನ್ನಿಗೆ ಎಷ್ಟು ಪೆಟ್ರೋಲ್ ಹೋಗಬೇಕು ಎಂಬುದನ್ನು ತೀರ್ಮಾನಿಸುವುದು ಆ ತೂತು. ಸಮುದ್ರದ ಬದಿಯಲ್ಲಿ ಗಾಳಿ ದಪ್ಪ, ಪೆಟ್ರೋಲ್ ಹೆಚ್ಚು ಬೇಕು. ಘಟ್ಟ ಹತ್ತಿದ ಮೇಲೆ ಗಾಳಿ ತೆಳು, ಕಡಿಮೆ ಸಾಕು. ನಮ್ಮ ಬೈಕಿಗೆ ಬ್ರಹ್ಮಾವರದಲ್ಲಿ ನೂರ ಇಪ್ಪತ್ತರ ಜೆಟ್, ಘಟ್ಟದ ಮೇಲೆ ನೂರ ಹನ್ನೆರಡು. ಮೇಲೆ ಹೋದಾಗ ಬದಲಿಸಲು ಮರೆತರೆ ಬೈಕು ಮಂಕಾಗಿ ಓಡುತ್ತದೆ, ರೇಸು ಸೋಲುತ್ತೇವೆ, ಅಷ್ಟೇ. ಕೆಳಗೆ ಬಂದಾಗ ಮರೆತರೆ ಪೆಟ್ರೋಲ್ ಸಾಲದೆ ಎಂಜಿನ್ ಕಾದು, ಪಿಸ್ಟನ್ ಉಬ್ಬಿ, ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಓಡುತ್ತಿರುವ ಬೈಕಿನ ಹಿಂದಿನ ಚಕ್ರ ಆಗ ಒಮ್ಮೆಲೇ ನಿಂತುಬಿಡುತ್ತದೆ.

ಇದು ನನಗೆ ಗೊತ್ತಿಲ್ಲದ ವಿಷಯವಾಗಿರಲಿಲ್ಲ. ಸೈನ್ಯದ ವಾಹನಗಳ ವರ್ಕ್‌ಶಾಪಿನಲ್ಲಿ ಕಲಿತ ಪದ್ಧತಿಯನ್ನೇ ನಾನು ಬ್ರಹ್ಮಾವರದ ಹೆದ್ದಾರಿ ಬದಿಯ ನನ್ನ ಶೆಡ್ಡಿಗೂ ತಂದಿದ್ದೆ. ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲು ತೆರೆಯಬೇಕು, ಒಂದಕ್ಕೆ ಊಟ, ಆರಕ್ಕೆ ಸ್ಪಾನರುಗಳನ್ನು ಒರೆಸಿ ಗೋಡೆಯ ಮೊಳೆಗಳಿಗೆ ನೇತುಹಾಕಬೇಕು. ಶೆಡ್ಡಿನ ಹಿಂದಿನ ಕೋಣೆಯಲ್ಲಿ ನನ್ನ ವಾಸ, ಒಬ್ಬನೇ. ರೇಸ್ ಬೈಕಿನ ವಿಷಯದಲ್ಲಿ ಇನ್ನೂ ಒಂದು ನಿಯಮ ಮಾಡಿಕೊಂಡಿದ್ದೆ. ನಾನು ಪೂರ್ತಿ ತಪಾಸಣೆ ಮಾಡುವವರೆಗೆ ಅದರ ಹ್ಯಾಂಡಲಿಗೆ ಕೆಂಪು ಕಾರ್ಡು ನೇತಾಡುತ್ತಿರಬೇಕು: ‘ಸ್ಟಾರ್ಟ್ ಮಾಡಬಾರದು.’ ಕಾರ್ಡು ಇಲ್ಲ ಎಂದರೆ ಬೈಕು ತಯಾರು. ಕಾರ್ಡು ತೆಗೆಯುವ ಅಧಿಕಾರ ನನಗೊಬ್ಬನಿಗೇ.

ಟೂ ಸ್ಟ್ರೋಕ್ ಬೈಕುಗಳು ಶೋರೂಮುಗಳಿಂದ ಮಾಯವಾಗತೊಡಗಿದ್ದ ಕಾಲ ಅದು. ಸವಾರ ಕಿರಿಮಂಜೇಶ್ವರದವನು. ಮನೆಯವರದು ಮೀನಿನ ವ್ಯಾಪಾರ. ಹಿಂದಿನ ವರ್ಷ ಮಣ್ಣಿನ ಟ್ರ್ಯಾಕಿನ ರಾಜ್ಯ ಚಾಂಪಿಯನ್ ಆಗಿದ್ದ. ಈ ವರ್ಷವೂ ಗೆದ್ದರೆ ಹೊರರಾಜ್ಯದ ದೊಡ್ಡ ತಂಡವೊಂದು ಅವನನ್ನು ಸೇರಿಸಿಕೊಳ್ಳುವುದಾಗಿ ಹೇಳಿತ್ತು. ಚಾಂಪಿಯನ್‌ಷಿಪ್ಪಿನ ಐದು ಸುತ್ತುಗಳಲ್ಲಿ ನಾಲ್ಕನೆಯದು ಘಟ್ಟದ ಮೇಲಿನ ಊರಿನಲ್ಲಿ. ಅಲ್ಲಿಗೆ ಬೈಕು ಹೋದದ್ದು ಅವನ ಅಣ್ಣನ ಮೀನಿನ ಟೆಂಪೋದಲ್ಲಿ. ಎಷ್ಟು ತೊಳೆದರೂ ವಾಸನೆ ಹೋಗುತ್ತಿರಲಿಲ್ಲ. ನಾವು ಮೈದಾನಕ್ಕೆ ಇಳಿಯುತ್ತಿದ್ದಂತೆ ಬೆಂಗಳೂರಿನ ತಂಡದ ಒಬ್ಬ ಕೂಗಿದ: “ಬಂಗುಡೆ ಎಕ್ಸ್‌ಪ್ರೆಸ್ ಬಂತು, ಮೂಗು ಮುಚ್ಕೊಳ್ರೋ!”

ನಮ್ಮವನು ಹೆಲ್ಮೆಟ್ ಸಿಕ್ಕಿಸಿಕೊಳ್ಳುತ್ತಾ ಹೇಳಿದ: “ಮೂಗ್ ಮುಚ್ಕಣಿ. ಕಣ್ಣ್ ಮಾತ್ರ ಬಿಟ್ಕಂಡಿರಿ. ನನ್ ಹಿಂದಿನ್ ಟಯರ್ ಕಾಂಬುಕೆ ಬೇಕಲ್ದಾ?”

ಆ ದಿನ ಅವನು ಗೆದ್ದ. ಕೊನೆಯ ಸುತ್ತಿಗೆ ಎಂಟು ವಾರ ಇತ್ತು. ಅದರಲ್ಲಿ ಮೂರನೆಯವನಾಗಿ ಬಂದರೂ ಚಾಂಪಿಯನ್ ಪಟ್ಟ ಅವನದೇ.

ಮರುದಿನ ಬೆಳಗಿನ ಜಾವ ಘಟ್ಟ ಇಳಿದೆವು. ಹ್ಯಾಂಡಲಿಗೆ ಕಾರ್ಡು ನೇತುಹಾಕಿದ್ದೆ, ಒಳಗೆ ನೂರ ಹನ್ನೆರಡರ ಜೆಟ್ ಹಾಗೇ ಇತ್ತು. ಅದನ್ನು ಶೆಡ್ಡಿನಲ್ಲಿ ಮೇಜಿನ ಮೇಲೆ ಬಿಚ್ಚುವುದು ನನ್ನ ಕ್ರಮ. ದಾರಿಬದಿಯಲ್ಲಿ ಕಾರ್ಬೊರೇಟರ್ ಬಿಚ್ಚುವವನಲ್ಲ ನಾನು. ಕುಂಭಾಶಿಯಲ್ಲಿ ಟೆಂಪೋ ನಿಂತಿತು. ಗೆದ್ದರೆ ಅಲ್ಲಿನ ಆನೆಗುಡ್ಡೆ ದೇವಸ್ಥಾನದಲ್ಲಿ ಬೈಕಿಗೆ ಪೂಜೆ ಮಾಡಿಸುವುದಾಗಿ ಸವಾರನ ತಾಯಿ ಹರಕೆ ಹೊತ್ತಿದ್ದರು. ಅವರು ಮೊದಲ ಬಸ್ಸಿಗೇ ಬಂದು ಕಾಯುತ್ತಿದ್ದರು. ಬೈಕನ್ನು ಇಳಿಸಿದೆವು. ಹ್ಯಾಂಡಲಿಗೆ ಹೂವಿನ ಮಾಲೆ ಹಾಕಹೊರಟ ತಾಯಿ ಕಾರ್ಡನ್ನು ನೋಡಿ ನಿಂತರು.

“ಹವಾಲ್ದಾರ್ರೆ, ಈ ಕೆಂಪ್ ಚೀಟಿ ಒಂಚೂರ್ ತೆಗ್ದ್ ಬಿಡಿ. ದೇವ್ರ್ ಎದ್ರಿಗೆ ‘ಮಾಡ್ಬಾರ್ದ್’ ಅಂದೇಳಿ ಬರ್ಕಂಡ್ ನಿಂತ್ರೆ ಎಂತ ಚೆಂದ?”

ಫೋಟೋ ಬೇರೆ ತೆಗೆಯುವವರಿದ್ದರು. ಕಾರ್ಡು ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡೆ. ಪೂಜೆ ಮುಗಿಯಿತು. ಮಂಗಳಾರತಿ ತೆಗೆದುಕೊಂಡು ಗಡಿಯಾರ ನೋಡಿದರೆ ಎಂಟು ಇಪ್ಪತ್ತು. ಕಿರಿಮಂಜೇಶ್ವರದಲ್ಲಿ ಊರವರು ಕಾಯುತ್ತಿದ್ದರು. ಬೈಕನ್ನು ಅವರಿಗೆ ತೋರಿಸಿ ಸಂಜೆಯೊಳಗೆ ನನ್ನಲ್ಲಿಗೆ ತರುವುದೆಂದು ಮೊದಲೇ ಮಾತಾಗಿತ್ತು. ಅವರು ಟೆಂಪೋದಲ್ಲೇ ಒಯ್ಯುತ್ತಾರೆಂದು ಎಣಿಸಿದೆ. ಕೇಳಲಿಲ್ಲ. ಒಂಬತ್ತಕ್ಕೆ ಶೆಡ್ಡು ತೆರೆಯಬೇಕಿತ್ತು. ಬ್ರಹ್ಮಾವರದ ಕಡೆಗೆ ಬಸ್ಸು ಬಂತು, ಹತ್ತಿ ಕುಳಿತೆ.

ಹನ್ನೊಂದರ ಸುಮಾರಿಗೆ ಫೋನು ಬಂತು. ಅವನ ಅಣ್ಣ, ಕುಂದಾಪುರದ ಆಸ್ಪತ್ರೆಯಿಂದ.

“ಹ್ವಾಯ್, ಹವಾಲ್ದಾರ್ರಾ? ತಮ್ಮ ಮರವಂತಿ ಹತ್ರ ಬಿದ್ದ. ನಾಯಿ ಅಡ್ಡ ಬಂತಂಬ್ರ್. ಕಾಲರ್ ಬೋನ್ ಹೋಯ್ತ್. ಜೀವಕ್ಕೆಂತ ಇಲ್ಲೆ.”

“ಟೆಂಪೋದಾಗ್ ಇರ್ಲಿಲ್ಯಾ ಬೈಕ್?”

“ತ್ರಾಸಿಯಿಂದ ಊರಿನ್ ಹುಡ್ಗ್ರೆಲ್ಲ ಬೈಕ್ ಹಿಡ್ಕಂಡ್ ಮೆರವಣಿಗಿಗೆ ಬಂದಿರ್. ಅವ್ರ್ ಎದ್ರಿಗೆ ಬಿಟ್ಕಂಡ್ ಹೋದ, ಮತ್ತೆಂತ.”

ಆಸ್ಪತ್ರೆಯ ವಾರ್ಡು ಬರೆದುಕೊಳ್ಳಲು ಪೆನ್ನಿಗಾಗಿ ಜೇಬಿಗೆ ಕೈ ಹಾಕಿದೆ. ಪೆನ್ನಿನ ಜೊತೆ ಕೆಂಪು ಕಾರ್ಡೂ ಬಂತು. ಅದರ ದಾರಕ್ಕೆ ದಾಸವಾಳದ ಒಂದು ಎಸಳು ಅಂಟಿಕೊಂಡಿತ್ತು. ನಾನು ವಾರ್ಡಿನ ನಂಬರು ಬರೆದುಕೊಂಡೆ, ಫೋನ್ ಇಟ್ಟೆ, ಶೆಡ್ಡಿನ ಬಾಗಿಲು ಎಳೆದೆ. ಕೆಲಸದ ದಿನ ಆ ಹೊತ್ತಿಗೆ ನಾನು ಅದನ್ನು ಎಳೆದದ್ದು ಅದೇ ಮೊದಲು.

ಆಸ್ಪತ್ರೆಯಲ್ಲಿ ತಾಯಿ ಔಷಧಿ ತರಲು ಹೊರಗೆ ಹೋದ ಮೇಲೆ ಸವಾರ ನನ್ನನ್ನು ಹತ್ತಿರ ಕರೆದ. “ನಾಯಿ ಗೀಯಿ ಎಂತದ್ದೂ ಇಲ್ಲ, ಹವಾಲ್ದಾರ್ರೆ. ಎಂಜಿನ್ ಕಚ್ಕಂಡ್ ಹಿಡೀತ್. ಕುಂಭಾಶಿಲಿ ಪೆಟ್ರೋಲಿಗೆ ಎಣ್ಣೆ ನಾನೇ ಬೆರ್ಸದ್ದ್, ಕಣ್ಣಂದಾಜಿಗೆ. ಕಮ್ಮಿ ಆಯ್ತ್ ಕಾಂತ್. ಅದ್ ಬಿಡಿ. ಹಿಡ್ದ್ ಕೂಡ್ಲೆ ಕ್ಲಚ್ ಎಳೀಕಲ್ದಾ? ನನ್ ಕೈ ಮಲ್ಗಿತ್ತ್.”

ಈ ಮಾತಿನ ಅರ್ಥ ಹೇಳಬೇಕು. ಟೂ ಸ್ಟ್ರೋಕ್ ಎಂಜಿನ್ನಿಗೆ ಪೆಟ್ರೋಲಿನಲ್ಲೇ ಎಣ್ಣೆ ಬೆರೆಸಬೇಕು, ಅದು ಕಡಿಮೆಯಾದರೂ ಎಂಜಿನ್ ಕಚ್ಚುತ್ತದೆ. ಟೂ ಸ್ಟ್ರೋಕ್ ರೇಸ್ ಬೈಕಿನ ಸವಾರ ಎಡಗೈಯ ಎರಡು ಬೆರಳನ್ನು ಸದಾ ಕ್ಲಚ್ ಮೇಲೆ ಇಟ್ಟಿರುತ್ತಾನೆ. ಎಂಜಿನ್ ಕಚ್ಚಿದ ಕ್ಷಣಕ್ಕೆ ಕ್ಲಚ್ ಎಳೆದರೆ ಚಕ್ರ ಮತ್ತೆ ಬಿಡುಗಡೆಯಾಗಿ ಉರುಳುತ್ತದೆ. ಆ ಎರಡು ಬೆರಳಿನ ಮೇಲೆ ನಂಬಿಕೆ ಇರುವವನೇ ಥ್ರಾಟಲನ್ನು ಪೂರ್ತಿ ತಿರುವಬಲ್ಲ.

“ಮಲ್ಗ್” ಎಂದು ಅವನ ಹೊದಿಕೆ ಸರಿಮಾಡಿ ಬಂದೆ.

ಅದೇ ಮಧ್ಯಾಹ್ನ ಮರವಂತೆಗೆ ಹೋದೆ. ಅಪಘಾತದ ಜಾಗವನ್ನು ಅಳೆಯದೆ ವಾಹನಕ್ಕೆ ಕೈ ಹಚ್ಚಬಾರದೆಂಬುದು ವರ್ಕ್‌ಶಾಪಿನ ಪಾಠ. ಒಂದು ಬದಿ ಸಮುದ್ರ, ಇನ್ನೊಂದು ಬದಿ ಹೊಳೆ, ನಡುವೆ ನೇರ ರಸ್ತೆ. ಟಯರು ಉಜ್ಜಿದ ಕಪ್ಪು ಗೆರೆ ಸಿಕ್ಕಿತು. ಹೆಜ್ಜೆ ಹಾಕಿ ಎಣಿಸಿದೆ: ಒಂಬತ್ತು. ಒಂಬತ್ತು ಹೆಜ್ಜೆಗೆ ಗೆರೆ ನಿಂತುಬಿಟ್ಟಿತ್ತು. ಅವನು ಬಿದ್ದ ಜಾಗ ಅಲ್ಲಿಂದ ಇನ್ನೂ ಇಪ್ಪತ್ತು ಹೆಜ್ಜೆ ಮುಂದೆ, ಗಾಳಿಗೆ ಕಡಲಿನ ಮರಳು, ನಮ್ಮ ಕಡೆಯ ಹೊಯಿಗೆ, ರಸ್ತೆಯ ಮೇಲೆ ಬಂದು ಬಿದ್ದಲ್ಲಿ. ಅಂದರೆ ಕಚ್ಚಿದ ಎಂಜಿನ್ನನ್ನು ಅವನ ಬೆರಳುಗಳು ಒಂಬತ್ತು ಹೆಜ್ಜೆಯೊಳಗೆ ಬಿಡಿಸಿದ್ದವು. ಚಕ್ರ ಮತ್ತೆ ಉರುಳಿತ್ತು. ಬೀಳಿಸಿದ್ದು ಹೊಯಿಗೆ. ಅಷ್ಟು ವೇಗದಲ್ಲಿ ಒಂಬತ್ತು ಹೆಜ್ಜೆ ಎಂದರೆ ಕಣ್ಣು ಮಿಟುಕಿಸುವಷ್ಟು ಹೊತ್ತು. ಅದಕ್ಕಿಂತ ಚುರುಕಿನ ಕೈಯನ್ನು ನಾನು ಕಂಡಿಲ್ಲ.

ಸಂಜೆ ಅಣ್ಣ ಬೈಕನ್ನು ಟೆಂಪೋದಲ್ಲಿ ಶೆಡ್ಡಿಗೆ ತಂದಿಳಿಸಿದ ಮೇಲೆ ಎಂಜಿನ್ ಬಿಚ್ಚಿದೆ. ಪ್ಲಗ್ಗಿನ ತುದಿ ಹುರಿದ ಕಾಫಿಬೀಜದ ಬಣ್ಣದಲ್ಲಿರಬೇಕು. ಅದು ಸುಣ್ಣದಷ್ಟು ಬೆಳ್ಳಗಿತ್ತು. ಪಿಸ್ಟನ್ನಿನ ಒಂದು ಬದಿ ಕರಗಿ ಸಿಲಿಂಡರಿಗೆ ಮೆತ್ತಿಕೊಂಡಿತ್ತು. ಒಳಗಿನ ಬೇರಿಂಗುಗಳಲ್ಲಿ ಮಾತ್ರ ಎಣ್ಣೆ ಸಾಕಷ್ಟಿತ್ತು, ಒಂದು ಗೀರೂ ಇರಲಿಲ್ಲ. ಅವನ ಕಣ್ಣಂದಾಜು ಸರಿಯಾಗಿಯೇ ಇತ್ತು. ಕೊನೆಗೆ ಕಾರ್ಬೊರೇಟರಿನಿಂದ ಜೆಟ್ ತೆಗೆದು ಬೆಳಕಿಗೆ ಹಿಡಿದೆ. ಓದುವ ಮೊದಲೇ ಗೊತ್ತಿತ್ತು. ನೂರ ಹನ್ನೆರಡು.

ಇಡೀ ಜಗತ್ತಿನಲ್ಲಿ ಇದನ್ನು ತಿಳಿದವನು ನಾನೊಬ್ಬನೇ. ಮನೆಯವರು ನಾಯಿಯನ್ನು ನಂಬಿದ್ದರು. ಸವಾರ ತನ್ನನ್ನೇ ದೂರಿಕೊಂಡಿದ್ದ. ನನ್ನನ್ನು ಯಾರೂ ಏನನ್ನೂ ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದೆನೋ ಏನೋ. ಕೇಳದ ಪ್ರಶ್ನೆಗೆ ಎದ್ದುನಿಂತು ಉತ್ತರ ಹೇಳುವ ಅಭ್ಯಾಸ ನನಗೆ ಇರಲಿಲ್ಲ.

ಕೆಲಸ ಮಾಡಿದೆ. ಸಿಲಿಂಡರನ್ನು ಉಡುಪಿಗೆ ಒಯ್ದು ಕೊರೆಸಿ ತಂದೆ. ಒಂದು ಸೈಜು ದೊಡ್ಡ ಪಿಸ್ಟನ್ ತರಿಸಿ, ಸಂದಿನ ಅಳತೆಯನ್ನು ಮೂರು ಸಲ ನೋಡಿ ಕೂರಿಸಿದೆ. ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದೆ. ಕಾರಣ ಎಂಬ ಕಾಲಮ್ಮಿನಲ್ಲಿ ಮಾತ್ರ ಪೆನ್ನು ನಿಂತಿತು. ಆ ಜಾಗ ಖಾಲಿ ಬಿಟ್ಟೆ. ಆ ಪುಸ್ತಕದಲ್ಲಿ ಖಾಲಿ ಬಿಟ್ಟ ಕಾಲಮ್ಮು ಬೇರೆ ಇಲ್ಲ. ಎಂದಿನಂತೆ ಒಂದಕ್ಕೆ ಊಟ, ಆರಕ್ಕೆ ಬಾಗಿಲು. ಬಾಗಿಲು ಹಾಕಿದ ಮೇಲೆ ಮಾತಾಡಲು ಯಾರೂ ಇರಲಿಲ್ಲ. ಅದು ಹೊಸತೇನಲ್ಲ. ಮಾತಾಡಬೇಕಾದ ವಿಷಯವೊಂದು ಇದ್ದದ್ದು ಮಾತ್ರ ಹೊಸತು.

ನಾಲ್ಕು ವಾರದ ಮೇಲೆ, ಡಾಕ್ಟರು ಮೆಲ್ಲಗೆ ಓಡಿಸಬಹುದೆಂದು ಒಪ್ಪಿದಾಗ, ಬ್ರಹ್ಮಾವರದ ಆಚೆ ಕೊಯ್ಲಾದ ಗದ್ದೆಯಲ್ಲಿ ಸುಣ್ಣದ ಗೆರೆ ಹಾಕಿ ಎಂದಿನ ಟ್ರ್ಯಾಕನ್ನೇ ಮಾಡಿದೆ. ಅಲ್ಲೇ ಹಿಂದೆಲ್ಲ ಅವನು ಸುತ್ತೊಂದಕ್ಕೆ ನಲವತ್ತೊಂದು ಸೆಕೆಂಡಿನಲ್ಲಿ ಬರುತ್ತಿದ್ದ. ಆ ದಿನ ನಲವತ್ತಾರು. ನೋವಿರಬೇಕು ಎಂದುಕೊಂಡೆ. ಎರಡನೆಯ ದಿನವೂ ನಲವತ್ತಾರು. ಐದನೆಯ ಸುತ್ತಿಗೆ ಕ್ಲಚ್ ಪ್ಲೇಟು ಸುಟ್ಟ ವಾಸನೆ ಬಂತು. ಬಾಗಿ ನೋಡಿದರೆ ನೇರ ಓಟದಲ್ಲೂ ಅವನ ಎರಡು ಬೆರಳು ಕ್ಲಚ್ಚನ್ನು ಅರ್ಧ ಎಳೆದೇ ಇದ್ದವು. ಪೆಟ್ರೋಲಿಗೆ ನಾನು ಹೇಳಿದ ದುಪ್ಪಟ್ಟು ಎಣ್ಣೆ ಬೆರೆಸಿದ್ದ. ಬೈಕು ಹೋದಲ್ಲೆಲ್ಲ ಹೊಗೆ.

ಬಂದು ಬೈಕು ನಿಲ್ಲಿಸಿ ಗದ್ದೆಯ ಅಂಚಿನ ಮೇಲೆ ಕುಳಿತ.

“ಕೈ ನನ್ ಮಾತ್ ಕೇಂತಿಲ್ಲೆ, ಹವಾಲ್ದಾರ್ರೆ. ಥ್ರಾಟಲ್ ತಿರ್ಗ್ಸದ್ರೆ ಸಾಕ್, ಈಗ ಹಿಡೀತ್, ಈಗ ಹಿಡೀತ್ ಅಂತ್.”

“ಇನ್ನ್ ನಾಕ್ ವಾರ ಇತ್ತ್.”

“ಬ್ಯಾಡ. ಮುಂಬಯಿಲಿ ಮಾವನ್ ಹೋಟ್ಲಿತ್ತ್. ಬಪ್ಪ ವಾರ ಹೋತೆ. ಬೈಕ್ ನೀವೇ ಇಟ್ಕಣಿ. ನಿಮ್ ಕೆಲ್ಸದಾಗ್ ಎಂತ ತಪ್ಪಿಲ್ಲ. ಬೈಕ್ ಸಮ ಇತ್ತ್. ನಾನೇ ಸಮ ಇಲ್ಲೆ.”

ನನ್ನನ್ನು ಅಲುಗಿಸಿದ್ದು ಆ ಮಾತು. ಅವನು ಬೈದಿದ್ದರೆ ಇನ್ನಷ್ಟು ದಿನ ಸುಮ್ಮನಿರುತ್ತಿದ್ದೆ. ಶೆಡ್ಡಿಗೆ ಬಂದು ಲೆಕ್ಕ ಹಾಕಿದೆ. ಹೇಳಿದರೆ ಅವನಿಗೆ ಅವನ ಕೈ ಮರಳಿ ಸಿಗುತ್ತದೆ, ಆದರೆ ನನ್ನ ಮೇಲಿನ ನಂಬಿಕೆ ಹೋಗುತ್ತದೆ. ಹೇಳದಿದ್ದರೆ ನಾನು ಉಳಿಯುತ್ತೇನೆ, ಅವನು ಮುಂಬಯಿಯಲ್ಲಿ ಬಿಲ್ಲು ಬರೆಯುತ್ತಾನೆ. ಖಾಲಿ ಬಿಟ್ಟಿದ್ದ ಕಾಲಮ್ಮಿನಲ್ಲಿ ಒಂದು ಸಾಲು ಬರೆದು ಸಹಿ ಹಾಕಿದೆ.

ಮರುದಿನ ಮೊದಲ ಬಸ್ಸಿಗೆ ಕಿರಿಮಂಜೇಶ್ವರಕ್ಕೆ ಹೋದೆ. ಅವನ ತಾಯಿ ಅಂಗಳದಲ್ಲಿ ಮೀನು ಹೆಚ್ಚುತ್ತಿದ್ದರು. ಜಗಲಿಯ ಮೇಲೆ ಪೇಪರು ಹಾಸಿ ಸುಟ್ಟ ಪಿಸ್ಟನ್, ಬಿಳಿ ಪ್ಲಗ್ಗು, ಜೆಟ್, ಕೆಂಪು ಕಾರ್ಡು, ನಾಲ್ಕನ್ನೂ ಸಾಲಾಗಿ ಇಟ್ಟೆ. ಸವಾರ ಹಲ್ಲುಜ್ಜುತ್ತಾ ಹೊರಗೆ ಬಂದ.

“ಎಂತ ಹವಾಲ್ದಾರ್ರೆ, ಬೆಳಿಗ್ಗೇ ಸಂತಿ ಹಾಕಿದ್ರಿ?”

“ಬಾಯಿ ತೊಳ್ಕಂಡ್ ಬಾ. ಕೂಕೊ.”

ಕುಳಿತ. ಎಲ್ಲಿಂದ ಆರಂಭಿಸಬೇಕೆಂದು ಬಸ್ಸಿನಲ್ಲಿ ಯೋಚಿಸಿದ್ದೆ. “ಎಣ್ಣೆ ಕಮ್ಮಿ ಆಗ್ಲಿಲ್ಲ. ನಿನ್ ಅಂದಾಜ್ ಸಮ ಇದ್ದಿತ್. ಬೇರಿಂಗಿಗೆ ಒಂದ್ ಗೀರಿಲ್ಲೆ. ಈ ಪ್ಲಗ್ ಕಾಣ್.”

ಅವನು ಪ್ಲಗ್ಗನ್ನು ಎತ್ತಿದ. ಅವನಿಗೆ ವಿವರಿಸಬೇಕಾಗಿರಲಿಲ್ಲ. ಪ್ಲಗ್ಗು ಇಟ್ಟು ಜೆಟ್ ತೆಗೆದುಕೊಂಡ. ಆಕಾಶಕ್ಕೆ ಹಿಡಿದು ಓದಿದ.

“ಘಟ್ಟದ್ದ್.”

“ಹೌದ್. ನಾನ್ ಬದ್ಲ್ ಮಾಡ್ಲಿಲ್ಲೆ. ಕಾರ್ಡ್ ತೆಗ್ದದ್ದ್ ನಾನೇ. ನಿಂಗ್ ಒಂದ್ ಮಾತ್ ಹೇಳ್ದೆ ಬಸ್ ಹತ್ತಿದ್ದೂ ನಾನೇ.” ಆಮೇಲೆ ಒಂಬತ್ತು ಹೆಜ್ಜೆಯ ಗೆರೆಯ ವಿಷಯ ಹೇಳಿದೆ. ಹೊಯಿಗೆಯ ವಿಷಯ ಹೇಳಿದೆ. “ನಿನ್ ಕೈ ಮಲ್ಗಿರ್ಲಿಲ್ಲ. ಅದ್ ಮಾಡೂ ಕೆಲ್ಸ ಮಾಡಿತ್ತ್.”

ಅಂಗಳದಲ್ಲಿ ಕತ್ತಿಯ ಸದ್ದು ನಿಂತಿತ್ತು.

“ಇದ್ ನಿಮ್ಗ್ ಯಾವತ್ತ್ ಗೊತ್ತಾಯ್ತ್?” ಅವನು ಕೇಳಿದ.

“ನೀ ಬಿದ್ದ ದಿನವೇ.”

ಅವನು ತನ್ನ ಎಡಗೈಯನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತಿದ್ದ. ಬೆರಳುಗಳನ್ನು ಒಮ್ಮೆ ಮಡಚಿ ಬಿಡಿಸಿದ. “ಒಂದ್ ತಿಂಗ್ಳ್,” ಎಂದ. “ಒಂದ್ ತಿಂಗ್ಳ್ ನಾನ್ ಈ ಕೈಗ್ ಬೈದೆ, ಹವಾಲ್ದಾರ್ರೆ. ನೀವ್ ಎದ್ರಿಗೇ ಕೂಕಂಡ್ ಕೇಂತಿದ್ರಿ.”

ಸಮಜಾಯಿಷಿ ಕೊಡಲು ನಾನು ಹೋಗಿರಲಿಲ್ಲ. ಎದ್ದೆ. ಆ ಮನೆಯಲ್ಲಿ ನನ್ನನ್ನು ಉಣಿಸದೆ ಕಳಿಸಿದ್ದೇ ಇರಲಿಲ್ಲ. ತಾಯಿ ಆ ದಿನ ತಲೆ ಎತ್ತಲಿಲ್ಲ. ಮತ್ತೆ ಮೀನು ಹೆಚ್ಚುವುದಕ್ಕೆ ತೊಡಗಿದರು.

ಮರುದಿನ ಅಣ್ಣ ಟೆಂಪೋ ತಂದ. ಬೈಕನ್ನೂ ಬಿಡಿಭಾಗಗಳ ಪೆಟ್ಟಿಗೆಯನ್ನೂ ಒಪ್ಪಿಸಿದೆ, ಎರಡೂ ಅಳತೆಯ ಜೆಟ್ಟುಗಳನ್ನು ಬೇರೆಬೇರೆ ಡಬ್ಬಿಯಲ್ಲಿ ಹಾಕಿ ನಂಬರು ಬರೆದು ಕೊಟ್ಟೆ. ಯಾವ ಮೈದಾನಕ್ಕೆ ಯಾವ ಅಳತೆ ಎಂಬ ಪಟ್ಟಿಯನ್ನೂ ಎರಡು ಪ್ರತಿ ಮಾಡಿ ಇಟ್ಟೆ. ಅವನು ಹಗ್ಗ ಬಿಗಿಯುತ್ತಾ ಒಂದೇ ಮಾತು ಹೇಳಿದ: “ಹ್ವಾಯ್, ನಿಮ್ ಮಿಲಿಟ್ರಿ ಕಾಯ್ದೆ ಬೇರೆಯವ್ರಿಗ್ ಮಾತ್ರವಾ?” ನಾನು ಹಗ್ಗದ ಇನ್ನೊಂದು ತುದಿ ಹಿಡಿದೆ. ಸಡಿಲಾಗಿತ್ತು, ಬಿಗಿ ಮಾಡಿದೆ. ಅವನು ಬೇಡವೆನ್ನಲಿಲ್ಲ.

ಬೈಕು ಮಂಗಳೂರಿನ ಮೆಕ್ಯಾನಿಕ್ ಒಬ್ಬರ ಕೈಗೆ ಹೋಯಿತೆಂದು ಬೇರೆಯವರಿಂದ ತಿಳಿಯಿತು. ಅವನು ಮುಂಬಯಿಗೆ ಹೋಗಲಿಲ್ಲ ಎಂಬುದೂ.

ಕೊನೆಯ ಸುತ್ತು ಮತ್ತೆ ಘಟ್ಟದ ಮೇಲೆಯೇ. ನಾನು ಬಸ್ಸಿನಲ್ಲಿ ಹೋದೆ. ಟಿಕೆಟ್ ತೆಗೆದು ಹಗ್ಗದ ಹೊರಗೆ, ಜನರ ನಡುವೆ ನಿಂತೆ. ಅಷ್ಟು ವರ್ಷಗಳಲ್ಲಿ ರೇಸನ್ನು ಆ ಬದಿಯಿಂದ ನೋಡಿರಲಿಲ್ಲ. ಅಲ್ಲಿಂದ ಬೈಕು ಚಿಕ್ಕದಾಗಿ ಕಾಣುತ್ತದೆ, ಧೂಳು ದೊಡ್ಡದಾಗಿ. ನಮ್ಮವನು ಎರಡನೆಯ ಸಾಲಿನಲ್ಲಿದ್ದ. ಬಾವುಟ ಬಿತ್ತು. ಮೊದಲ ಸುತ್ತು ಮುಗಿಸಿ ಅವನು ನನ್ನ ಮುಂದೆ ಹಾದಾಗ ಎಡಗೈಯನ್ನೇ ನೋಡಿದೆ. ಎರಡು ಬೆರಳು ಕ್ಲಚ್ಚಿನ ಮೇಲೆ ಸುಮ್ಮನೆ ಒರಗಿದ್ದವು. ಥ್ರಾಟಲು ಪೂರ್ತಿ ತೆರೆದಿತ್ತು.

ಕಿವಿಗೆ ಇನ್ನೊಂದು ವಿಷಯವೂ ಬಿತ್ತು. ನೇರ ಓಟದ ಕೊನೆಯಲ್ಲಿ ಎಂಜಿನ್ ಸ್ವಲ್ಪ ತೊದಲುತ್ತಿತ್ತು. ಪೆಟ್ರೋಲ್ ಒಂದಿಷ್ಟು ಹೆಚ್ಚು. ಹೊಸ ಮೆಕ್ಯಾನಿಕ್ ಅಪಾಯವಿಲ್ಲದ ಬದಿಗೇ ಇಟ್ಟಿದ್ದರು, ನೂರ ಹದಿನೈದು ಹಾಕಿದ್ದಿರಬೇಕು. ನಾನಾದರೆ ನೂರ ಹನ್ನೆರಡಕ್ಕೇ ಇಳಿಸುತ್ತಿದ್ದೆ, ಅವನು ಮೊದಲನೆಯವನಾಗಿ ಬರುತ್ತಿದ್ದ. ಅವನು ಎರಡನೆಯವನಾಗಿ ಬಂದ. ಚಾಂಪಿಯನ್ ಆಗಲು ಅಷ್ಟು ಸಾಕಿತ್ತು. ಜನ ಹಗ್ಗ ದಾಟಿ ಓಡಿದರು. ಅಣ್ಣ ಅವನನ್ನು ಹೆಗಲ ಮೇಲೆ ಎತ್ತಿಕೊಂಡ. ನಾನು ಹಗ್ಗದ ಈಚೆಗೇ ನಿಂತು ಚಪ್ಪಾಳೆ ತಟ್ಟಿದೆ. ಆಮೇಲೆ ಗಡಿಯಾರ ನೋಡಿ ಬಸ್‌ಸ್ಟ್ಯಾಂಡಿಗೆ ನಡೆದೆ.

ಬಸ್ಸಿನಲ್ಲಿ ಕುಂದಾಪುರದ ಕಂಡಕ್ಟರು ಟಿಕೆಟ್ ಹರಿಯುತ್ತಾ ನನ್ನ ಅಂಗಿಯ ಮೇಲಿನ ಕೆಂಪು ಧೂಳನ್ನು ನೋಡಿದ.

“ರೇಸಿಗ್ ಹೋದ್ದಾ, ಅಜ್ಜಯ್ಯ? ಯಾರ್ ಚಾಂಪಿಯನ್?”

“ನಮ್ ಕಿರಿಮಂಜೇಶ್ವರದವ.”

“ಹೌದಾ ಮರಾಯ್ರೆ! ಕೇಂಡ್ರ್ಯಾ, ನಮ್ ಕಡಿಯವ ಗೆದ್ನಂಬ್ರ್!” ಎಂದು ಅವನು ಬಸ್ಸಿಗೆಲ್ಲ ಕೇಳುವಂತೆ ಕೂಗಿದ. ಹಿಂದಿನ ಸೀಟಿನಲ್ಲಿ ಯಾರೋ ಶಿಳ್ಳೆ ಹಾಕಿದರು. ನನ್ನ ಪಕ್ಕದಲ್ಲಿ ಕುಳಿತವರು ಬಾಗಿ ಕೇಳಿದರು: “ಬೈಕಿನ್ ಕೆಲ್ಸ ಯಾರ್ ಮಾಡೂದ್? ಬ್ರಹ್ಮಾವರದಾಗ್ ಒಬ್ರ್ ಇದ್ರಂಬ್ರ್ ಅಲ್ದಾ, ಮಿಲಿಟ್ರಿಯವ್ರ್?”

“ಈಗ ಅವ್ರಲ್ಲ,” ಎಂದೆ. “ಮಂಗ್ಳೂರಿನವ್ರ್. ಒಳ್ಳೆ ಜಾಗ್ರತಿ ಮನ್ಷ.”

ಬಸ್ಸು ಘಟ್ಟ ಇಳಿಯತೊಡಗಿತ್ತು. ಕಿವಿ ಕಟ್ಟಿಕೊಂಡಿತು. ಅವರು ಇನ್ನೂ ಏನೋ ಕೇಳುತ್ತಿದ್ದರು, ನನಗೆ ಕೇಳಿಸಲಿಲ್ಲ.